ಮೊದಲ ಪಗಾರ, ಮೊದಲ ಉಳಿತಾಯ



ದತ್ತಿ ಉಪನ್ಯಾಸವೊಂದು ನಡೆಯುವುದು ಯಾರೋ ಒಬ್ಬರು ಒಂದು ಕಾಲದಲ್ಲಿ ಉಳಿಸಿ ಇಟ್ಟ ಹಣದ ಬಡ್ಡಿಯಿಂದ. ಅಸಲು ಇಟ್ಟಲ್ಲೇ ಇರುತ್ತದೆ, ಬಡ್ಡಿ ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ಒಂದೆಡೆ ಸೇರಿಸುತ್ತದೆ. ಆದ್ದರಿಂದ ಉಳಿತಾಯದ ಬಗ್ಗೆ ಮಾತನಾಡಲು ಇದಕ್ಕಿಂತ ಯೋಗ್ಯವಾದ ವೇದಿಕೆ ನನಗೆ ಕಾಣಲಿಲ್ಲ. ಮುಂಬಯಿಯ ನಮ್ಮ ಕನ್ನಡ ಸಭೆಗಳಲ್ಲಿ ಸಾಹಿತ್ಯದ ಮಾತು ಆಗುತ್ತದೆ, ಯಕ್ಷಗಾನದ ಮಾತು ಆಗುತ್ತದೆ. ಹಣದ ಮಾತು ಆಗುವುದು ಅಪರೂಪ. ಮನೆಯಲ್ಲೂ ಹಾಗೆಯೇ. ಕುಂದಾಪುರದಿಂದಲೋ ಕಲಬುರಗಿಯಿಂದಲೋ ಬಂದು ಅಂಧೇರಿಯ ಕಂಪೆನಿಯೊಂದಕ್ಕೆ ಸೇರಿದ ಇಪ್ಪತ್ತೆರಡರ ಹುಡುಗಿಗೆ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದು ಮೊದಲ ಕೆಲಸ ಹಿಡಿದ ಹುಡುಗನಿಗೆ, ಪಗಾರ ಕೈಗೆ ಬಂದ ಮೇಲೆ ಏನು ಮಾಡಬೇಕೆಂದು ಕೂರಿಸಿಕೊಂಡು ಹೇಳುವವರು ಕಡಿಮೆ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬುವ ಆಸೆಯಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ನನ್ನ ಮಾತನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಮೊದಲನೆಯದು, ಈ ನಗರದಲ್ಲಿ ನಮ್ಮ ಹಿರಿಯರು ಉಳಿತಾಯವನ್ನು ಹೇಗೆ ಸಾಧಿಸಿದರು ಎಂಬುದು. ಎರಡನೆಯದು, ಮೊದಲ ಪಗಾರವನ್ನು ಹಂಚುವ ಬಗೆ. ಮೂರನೆಯದು ಸಾಲ. ನಾಲ್ಕನೆಯದು, ಉಳಿಸಿದ ಹಣವನ್ನು ಕಾಯುವುದು ಮತ್ತು ಬೆಳೆಸುವುದು. ಯಾವ ಶೇರು ಕೊಳ್ಳಬೇಕು, ಯಾವ ಕಂಪೆನಿಯ ಪಾಲಿಸಿ ಒಳ್ಳೆಯದು ಎಂಬುದನ್ನು ನಾನು ಹೇಳುವುದಿಲ್ಲ. ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ ಸಂಗತಿ: ಉಳಿತಾಯವು ಮನಸ್ಸಿನ ಗಟ್ಟಿತನವನ್ನು ನಂಬಿ ನಡೆಯುವಂಥದ್ದಲ್ಲ, ಅದಕ್ಕೊಂದು ಏರ್ಪಾಡು ಬೇಕು. ನಮ್ಮ ಹಿರಿಯರಿಗೆ ಆ ಏರ್ಪಾಡು ಸಮುದಾಯದಿಂದ ಸಿಕ್ಕಿತ್ತು. ಇಂದಿನವರು ಅದನ್ನು ತಾವೇ ಕಟ್ಟಿಕೊಳ್ಳಬೇಕಾಗಿದೆ.

ಮೊದಲು ಚರಿತ್ರೆಯನ್ನು ನೋಡೋಣ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಎರಡೇ ವರ್ಷದಲ್ಲಿ, 1906ರ ಡಿಸೆಂಬರಿನಲ್ಲಿ, ಮುಂಬಯಿಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರ ಮುಂದಾಳುತನದಲ್ಲಿ ಶಾಮರಾವ್ ವಿಠ್ಠಲ್ ಸಹಕಾರಿ ಪತ್ತಿನ ಸಂಘ ಹುಟ್ಟಿತು. ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಇಲ್ಲಿಗೆ ಬಂದು ಗುಮಾಸ್ತಿಕೆ ಮಾಡುತ್ತಿದ್ದ ಸಾರಸ್ವತರು ಬಡ್ಡಿ ವ್ಯಾಪಾರಿಗಳ ಕೈಗೆ ಸಿಕ್ಕದಂತೆ, ಸದಸ್ಯರ ಸಣ್ಣ ಉಳಿತಾಯದಿಂದಲೇ ಸದಸ್ಯರಿಗೆ ಸಾಲ ಕೊಡುವುದು ಅದರ ಉದ್ದೇಶ. ಅದು ಇಂದು ಎಸ್‌ವಿಸಿ ಬ್ಯಾಂಕ್ ಆಗಿದೆ. ಅದೇ ಬಳಗ 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘವನ್ನು ಕಟ್ಟಿತು. ದೇಶದ ಸಹಕಾರಿ ವಸತಿ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. ಗುಮಾಸ್ತರ ಪಗಾರದಲ್ಲಿ ಉಳಿದ ಹಣ ಹತ್ತು ವರ್ಷದಲ್ಲಿ ಮನೆಯಾಗಿ ನಿಂತಿತು.

ಉಡುಪಿಯತ್ತ ನೋಡಿ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕೈಮಗ್ಗದ ನೇಕಾರರ ಕಷ್ಟಕ್ಕೆ ಒದಗಲೆಂದು ಆರಂಭಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತ. ಅದನ್ನು ಕಟ್ಟಲು ಬ್ಯಾಂಕಿಗೆ ಹೋಗಬೇಕಿರಲಿಲ್ಲ, ಏಜೆಂಟರೇ ಮನೆಗೆ, ಅಂಗಡಿಗೆ ಬರುತ್ತಿದ್ದರು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಕನ್ನಡನಾಡಿನ ಪೇಟೆಗಳಲ್ಲಿ ಇನ್ನೂ ಬಳಕೆಯಲ್ಲಿದೆ.

ಈ ನಗರದ ಉಡುಪಿ ಹೋಟೆಲುಗಳ ಕತೆ ನಿಮಗೆ ಗೊತ್ತೇ ಇದೆ. ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಊರಿಗೆ ಮನಿಯಾರ್ಡರ್ ಕಳಿಸಿ, ಉಳಿದುದನ್ನು ಸಂಘದಲ್ಲಿ ಕಟ್ಟಿದ ಹುಡುಗರು ಮುಂದೆ ಹೋಟೆಲ್ ಮಾಲಕರಾದರು, ವಕೀಲರಾದರು, ಬ್ಯಾಂಕ್ ನೌಕರರಾದರು. 1978ರಲ್ಲಿ ಬಿಲ್ಲವ ಸಮಾಜದ ಮುಂದಾಳುಗಳು ಇಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು ಕಟ್ಟಿದ್ದರ ಹಿಂದೆ ಇಂಥ ಸಾವಿರಾರು ಜನರ ದುಡಿಮೆ ಇದೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸ್ ಅವರು 1968ರಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕನ್ನು ಆರಂಭಿಸಿದಾಗಲೂ ಕಣ್ಣೆದುರು ಇದ್ದವರು ದಿನಗೂಲಿಯ, ಸಣ್ಣ ಪಗಾರದ ಜನರೇ.

ಇವರೆಲ್ಲ ನಮಗಿಂತ ಹೆಚ್ಚು ಸಂಯಮಿಗಳಾಗಿದ್ದರೇ? ಇದ್ದಿರಬಹುದು. ಆದರೆ ಇನ್ನೊಂದು ಕಾರಣವನ್ನೂ ಗಮನಿಸಬೇಕು. ಅಂದು ಉಳಿತಾಯ ಮನೆ ಬಾಗಿಲಿಗೆ ಬರುತ್ತಿತ್ತು, ಸಾಲಕ್ಕಾಗಿ ಅಲೆಯಬೇಕಿತ್ತು. ಜಾಮೀನುದಾರರನ್ನು ಹುಡುಕಬೇಕಿತ್ತು, ಸಂಘದ ಸಮಿತಿಯ ಮುಂದೆ ಕಾರಣ ಹೇಳಬೇಕಿತ್ತು. ಇಂದು ಸಾಲವೇ ಮೊಬೈಲಿನಲ್ಲಿ ದಿನಕ್ಕೆರಡು ಬಾರಿ ಬಾಗಿಲು ತಟ್ಟುತ್ತದೆ, ಉಳಿತಾಯವನ್ನು ನಾವಾಗಿ ಹುಡುಕಿಕೊಂಡು ಹೋಗಬೇಕು. ಇಂದಿನ ತರುಣರನ್ನು ದುಂದುಗಾರರೆಂದು ದೂರುವ ಮುನ್ನ ಹಿರಿಯರು ಈ ಬದಲಾವಣೆಯನ್ನು ನೆನಪಿಟ್ಟುಕೊಳ್ಳಬೇಕೆಂದು ನನ್ನ ವಿನಂತಿ.

ಈಗ ಎರಡನೆಯ ಭಾಗಕ್ಕೆ ಬರುತ್ತೇನೆ. ಮೊದಲ ಪಗಾರವನ್ನು ಹಂಚುವುದು ಹೇಗೆ?

ಒಂದು ಲೆಕ್ಕ ಇಟ್ಟುಕೊಳ್ಳೋಣ. ಕೈಗೆ ಬರುವುದು ತಿಂಗಳಿಗೆ 32,000 ರೂಪಾಯಿ ಎನ್ನೋಣ. ಉಪನಗರದಲ್ಲಿ ಇಬ್ಬರು ಮೂವರು ಸೇರಿ ಹಿಡಿದ ಖೋಲಿಯ ಬಾಡಿಗೆಯ ಪಾಲು 9,000. ಊಟ ತಿಂಡಿ 6,000. ರೈಲಿನ ಪಾಸು, ಬಸ್ಸು, ರಿಕ್ಷಾ ಸೇರಿ 1,500. ಫೋನು ಇತ್ಯಾದಿ 1,000. ಊರಿಗೆ ಅಥವಾ ಮನೆಗೆ 5,000. ಒಟ್ಟು 22,500. ಉಳಿಯುವುದು 9,500. ಬಹುಪಾಲು ಜನ ಈ ಒಂಬತ್ತೂವರೆ ಸಾವಿರವನ್ನು ಕೈಯಲ್ಲಿಟ್ಟುಕೊಂಡು, ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡೋಣ ಎಂದುಕೊಳ್ಳುತ್ತಾರೆ. ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ. ಏಕೆಂದರೆ ಹತ್ತು, ಇಪ್ಪತ್ತು, ನೂರರ ಲೆಕ್ಕದಲ್ಲಿ ಯುಪಿಐಯಿಂದ ಹಣ ಹೋಗುವಾಗ ಕಿಸೆ ಹಗುರಾಗುವ ಅನುಭವವೇ ಆಗುವುದಿಲ್ಲ.

ಉಪಾಯ ಸರಳ. ಪಗಾರ ಜಮೆಯಾದ ಮರುದಿನವೇ 5,000 ರೂಪಾಯಿ ತಾನಾಗಿ ಕಡಿತವಾಗಿ ಇನ್ನೊಂದು ಖಾತೆಗೆ ಇಲ್ಲವೇ ಆರ್‌ಡಿಗೆ (ಆವರ್ತ ಠೇವಣಿಗೆ) ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ. ಆ ಖಾತೆಗೆ ಡೆಬಿಟ್ ಕಾರ್ಡು ಬೇಡ, ಯುಪಿಐ ಜೋಡಣೆ ಬೇಡ. ಹಿಂದೆ ಪಿಗ್ಮಿಯ ಏಜೆಂಟರು ಮಾಡುತ್ತಿದ್ದ ಕೆಲಸವನ್ನು ಈ ಸೂಚನೆ ಮಾಡುತ್ತದೆ. ಉಳಿದ 4,500ನ್ನು ಸಿನಿಮಾಕ್ಕೋ ಬಟ್ಟೆಗೋ ಸಂಕೋಚವಿಲ್ಲದೆ ಖರ್ಚು ಮಾಡಬಹುದು. ಇಪ್ಪತ್ತೆರಡರ ವಯಸ್ಸಿಗೆ ಸಣ್ಣ ಸಂತೋಷಗಳೂ ಬೇಕು. ಎಲ್ಲವನ್ನೂ ಬಿಗಿಹಿಡಿದ ಲೆಕ್ಕ ಮೂರನೇ ತಿಂಗಳಿಗೆ ಮುರಿದುಬೀಳುತ್ತದೆ.

ಊರಿಗೆ ಕಳಿಸುವ ಹಣದ ಬಗ್ಗೆ ಒಂದು ಮಾತು. ಅದು ನಮ್ಮ ಸಂಸ್ಕಾರ, ಅದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ. ಆದರೆ ಮೊತ್ತವನ್ನು ಅಪ್ಪ ಅಮ್ಮನೊಡನೆ ಕುಳಿತು ಮಾತಾಡಿ ಗೊತ್ತುಪಡಿಸಿಕೊಳ್ಳಿ. ಕೇಳಿದಾಗಲೆಲ್ಲ ಕಳಿಸುವುದಕ್ಕಿಂತ ತಿಂಗಳಿಗೆ ಇಷ್ಟು ಎಂದು ಕಳಿಸುವುದು ಇಬ್ಬರಿಗೂ ನೆಮ್ಮದಿ. ಬಾಡಿಗೆಯ ವಿಷಯದಲ್ಲೂ ಒಂದು ಎಚ್ಚರ ಬೇಕು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಲೀವ್ ಆಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಡಿಪಾಸಿಟ್ ಕೊಡುವಾಗ ನಗದಿನ ಬದಲು ಬ್ಯಾಂಕಿನ ಮೂಲಕ ಕೊಡಿ, ಮೊತ್ತವನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಬಾಡಿಗೆ ಕಡಿಮೆ ಎಂದು ವಿರಾರ್, ಬದ್ಲಾಪುರ, ಪನ್ವೇಲ್ ಕಡೆ ಹೋಗುವವರು ಪ್ರಯಾಣದ ಹೊತ್ತನ್ನೂ ಬೆಲೆಯಾಗಿ ಎಣಿಸಿ. ಓದು, ನಿದ್ರೆ, ಆರೋಗ್ಯ ಮೂರನ್ನೂ ಆ ಹೊತ್ತೇ ಕಸಿಯುತ್ತದೆ.

ಮೊದಲು ಕೂಡಿಸಬೇಕಾದುದು ಆಪದ್ಧನ. ನಮ್ಮ ಲೆಕ್ಕದಲ್ಲಿ ತಿಂಗಳ ಅಗತ್ಯ ಖರ್ಚು 22,500 ಆದ್ದರಿಂದ ಮೂರು ತಿಂಗಳದ್ದು 67,500. ತಿಂಗಳಿಗೆ 5,000ದಂತೆ ಸುಮಾರು ಹದಿನಾಲ್ಕು ತಿಂಗಳಲ್ಲಿ ಅದು ಕೈಗೂಡುತ್ತದೆ. ಕೆಲಸ ಹೋದರೆ, ಊರಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ, ಈ ಹಣ ನಿಮ್ಮನ್ನು ದುಬಾರಿ ಸಾಲದಿಂದ ಕಾಯುತ್ತದೆ. ಅದು ಕೈಗೆ ತಕ್ಷಣ ಸಿಗುವಂತೆ ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಇರಲಿ.

ಇದೇ ಭಾಗದಲ್ಲಿ ಭವಿಷ್ಯ ನಿಧಿಯ, ಅಂದರೆ ಪಿಎಫ್‌ನ, ಮಾತು ಬರಬೇಕು. ಪಿಎಫ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ನಿಮ್ಮಿಂದ, ಅಷ್ಟೇ ಮೊತ್ತ ಮಾಲಕರಿಂದ ಹೋಗುತ್ತದೆ. ಮಾಲಕರ ಪಾಲಿನಲ್ಲಿ ಒಂದು ಭಾಗ ಪಿಂಚಣಿಗೆ ಸೇರುತ್ತದೆ. 2024–25ರ ಬಡ್ಡಿ ಶೇ 8.25. ಕೆಲಸ ಬದಲಿಸಿದಾಗ ತರುಣರು ಈ ಹಣವನ್ನು ಹಿಂಪಡೆದು ಫೋನೋ ಬೈಕೋ ಕೊಳ್ಳುವುದನ್ನು ಕಾಣುತ್ತೇವೆ. ಹಾಗೆ ಮಾಡಬೇಡಿ. ಪಿಎಫ್ ಸದಸ್ಯರಿಗೆ ಸಿಗುವ ಯುಎಎನ್ ಎಂಬ ಸಂಖ್ಯೆ ಕೆಲಸ ಬದಲಾದರೂ ಬದಲಾಗುವುದಿಲ್ಲ, ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಬಹುದು. ಐದು ವರ್ಷದ ಸತತ ಸೇವೆಗೆ ಮೊದಲೇ ಹಿಂಪಡೆದರೆ ಸಾಮಾನ್ಯವಾಗಿ ತೆರಿಗೆಯೂ ಬೀಳುತ್ತದೆ.

ಇಷ್ಟು ಹೇಳಿ ಮೂರನೆಯ ಭಾಗಕ್ಕೆ, ಸಾಲದ ವಿಷಯಕ್ಕೆ ಹೊರಳುತ್ತೇನೆ.

ಎಲ್ಲ ಸಾಲವೂ ಕೆಟ್ಟದ್ದಲ್ಲ. ಓದಿಗಾಗಿ, ಮನೆಗಾಗಿ, ದುಡಿಮೆಯ ಸಾಧನಕ್ಕಾಗಿ ಮಾಡಿದ ಸಾಲದಿಂದ ಬದುಕು ಕಟ್ಟಿಕೊಂಡವರು ಈ ನಗರದಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ನನ್ನ ಆತಂಕ ಇರುವುದು ಕ್ರೆಡಿಟ್ ಕಾರ್ಡಿನ ಬಾಕಿ ಮತ್ತು ಆ್ಯಪ್ ಸಾಲಗಳ ಬಗ್ಗೆ. ಕಾರ್ಡಿನಲ್ಲಿ 50,000 ರೂಪಾಯಿ ಬಾಕಿ ಇದೆ ಎನ್ನಿ. ಬಡ್ಡಿ ತಿಂಗಳಿಗೆ ಶೇ 3.5 ಆದರೆ 1,750 ರೂಪಾಯಿ. ಅದರ ಮೇಲೆ ಶೇ 18ರ ಜಿಎಸ್‌ಟಿ 315. ಒಟ್ಟು 2,065. ನೀವು ಕನಿಷ್ಠ ಮೊತ್ತವೆಂದು 2,500 ಕಟ್ಟಿದಿರಿ. ಅಸಲಿನಲ್ಲಿ ಇಳಿದದ್ದು ಬರೀ 435! ತಿಂಗಳಿಗೆ ಮೂರೂವರೆ ಎಂದರೆ ಕಡಿಮೆ ಎನ್ನಿಸಬಹುದು. ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಅದು ಶೇ 51 ದಾಟುತ್ತದೆ. ಕಾರ್ಡು ಇಟ್ಟುಕೊಳ್ಳುವವರು ಪೂರ್ತಿ ಬಾಕಿಯನ್ನು ಗಡುವಿನೊಳಗೆ ಕಟ್ಟುವ ಸೂಚನೆಯನ್ನು ಬ್ಯಾಂಕಿಗೆ ಕೊಟ್ಟಿಡಬೇಕು. ಅದು ಸಾಧ್ಯವಿಲ್ಲವಾದರೆ ಕಾರ್ಡು ಬೇಡ.

ಆ್ಯಪ್‌ಗಳ ಸಾಲದಲ್ಲಿ ಮೊದಲು ನೋಡಬೇಕಾದುದು ಸಾಲ ಕೊಡುತ್ತಿರುವ ಸಂಸ್ಥೆ ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೆ ಒಳಪಟ್ಟಿದೆಯೇ ಎಂಬುದನ್ನು. 2022ರಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲಗಳಿಗೆ ನಿಯಮ ತಂದಿದೆ. ವಾರ್ಷಿಕ ದರದಲ್ಲಿ ಒಟ್ಟು ವೆಚ್ಚ ಎಷ್ಟೆಂಬುದನ್ನು ಸಾಲಗಾರರಿಗೆ ಮೊದಲೇ ತಿಳಿಸಬೇಕು, ಹಣ ನೇರವಾಗಿ ಸಾಲಗಾರರ ಖಾತೆಗೇ ಬರಬೇಕು. ಫೋನಿನ ಸಂಪರ್ಕ ಪಟ್ಟಿ, ಫೋಟೊಗಳಿಗೆ ಅನುಮತಿ ಕೇಳುವ ಸಾಲದ ಆ್ಯಪ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ. ಮೋಸಹೋದರೆ ನಾಚಿಕೆಯಿಂದ ಮುಚ್ಚಿಡಬೇಡಿ. 1930 ಎಂಬ ಸೈಬರ್ ಸಹಾಯವಾಣಿಗೆ ಕೂಡಲೇ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ನಮ್ಮವರಲ್ಲಿ ಇನ್ನೊಂದು ರೂಢಿ ಇದೆ, ಜಾಮೀನು. ಊರಿನವರು, ಸಂಬಂಧಿಕರು ಕೇಳಿದಾಗ ದಾಕ್ಷಿಣ್ಯಕ್ಕೆ ಸಹಿ ಹಾಕುತ್ತೇವೆ. ಜಾಮೀನು ಎಂದರೆ ಅವರು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎಂಬ ಕಾನೂನಿನ ಮಾತು. ಅವರ ಕಂತು ತಪ್ಪಿದರೆ ಸಾಲ ತೀರಿಸುವ ನಿಮ್ಮ ನಡತೆಯನ್ನು ಅಳೆಯುವ ಸಿಬಿಲ್ ಅಂಕವೂ ಕುಸಿಯಬಹುದು. 300ರಿಂದ 900ರ ನಡುವಿನ ಆ ಅಂಕವೂ ನಾಳೆ ನಿಮ್ಮ ಮನೆಸಾಲದ ಬಡ್ಡಿಯನ್ನು ತೀರ್ಮಾನಿಸುವ ಸಂಗತಿಗಳಲ್ಲಿ ಒಂದಾಗುತ್ತದೆ. ವರ್ಷಕ್ಕೊಮ್ಮೆ ಈ ಅಂಕದ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಎಲ್ಲರಿಗೂ ಇದೆ. ಅದನ್ನು ತರಿಸಿ ಓದಿ. ನಿಮಗೆ ಗೊತ್ತಿಲ್ಲದ ಸಾಲ ನಿಮ್ಮ ಹೆಸರಿನಲ್ಲಿದ್ದರೆ ಅಲ್ಲಿ ಕಾಣುತ್ತದೆ.

ಇನ್ನು ಕೊನೆಯ ಭಾಗ. ಉಳಿಸಿದ ಹಣವನ್ನು ಕಾಯುವುದು ಮತ್ತು ಬೆಳೆಸುವುದು.

ಕಾಯುವ ಮಾತು ಬಂದಾಗ ಮುಂಬಯಿಗರಿಗೆ 2019ರ ಸೆಪ್ಟೆಂಬರ್ ನೆನಪಾಗದೆ ಇರದು. ಭಾಂಡುಪಿನಲ್ಲಿ ಪ್ರಧಾನ ಕಚೇರಿ ಇದ್ದ ಪಂಜಾಬ್ ಮತ್ತು ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು ಮೊದಲಿಗೆ ಹಿಂಪಡೆಯಬಹುದಾಗಿದ್ದುದು ಒಂದು ಸಾವಿರ ರೂಪಾಯಿ ಮಾತ್ರ. ಆ ಮಿತಿ ಹಂತಹಂತವಾಗಿ ಏರಿತು, 2022ರ ಜನವರಿಯಲ್ಲಿ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ನಡುವಿನ ವರ್ಷಗಳಲ್ಲಿ ಮದುವೆ, ಚಿಕಿತ್ಸೆ, ಶಾಲಾ ಶುಲ್ಕಗಳಿಗೆ ಇಟ್ಟ ಹಣಕ್ಕಾಗಿ ಜನ ಪಟ್ಟ ಪಾಡು ದೊಡ್ಡದು. ನಾನು ಆಗಲೇ ಹೆಸರಿಸಿದ ಬಾಂಬೆ ಲೇಬರ್ ಬ್ಯಾಂಕ್ ಮುಂದೆ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಆಗಿ, 2025ರ ಫೆಬ್ರವರಿಯಲ್ಲಿ ಅಂಥದೇ ನಿರ್ಬಂಧಕ್ಕೆ ಒಳಗಾಗಿ, ಅದೇ ವರ್ಷದ ಆಗಸ್ಟಿನಲ್ಲಿ ಸಾರಸ್ವತ ಬ್ಯಾಂಕಿನಲ್ಲಿ ಸೇರಿತು. ಒಳ್ಳೆಯ ಉದ್ದೇಶದಿಂದ ಹುಟ್ಟಿದ ಸಂಸ್ಥೆಗೂ ಕಣ್ಗಾವಲು ಬೇಕೆಂಬುದನ್ನು ಇದರಿಂದ ಕಲಿಯಬೇಕು.

ಇಲ್ಲಿ ನೆನಪಿಡಬೇಕಾದ ಸಂಖ್ಯೆ ಐದು ಲಕ್ಷ. 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಕೂಡಿ ಐದು ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆ ಇದೆ. ಅದಕ್ಕೆ ಮೊದಲು ಒಂದು ಲಕ್ಷವಿತ್ತು. ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಕ್ರೆಡಿಟ್ ಸೊಸೈಟಿಗಳಿಗೆ, ಚೀಟಿಗಳಿಗೆ, ಖಾಸಗಿ ಕಂಪೆನಿಗಳ ಠೇವಣಿಗೆ ಅನ್ವಯಿಸುವುದಿಲ್ಲ. ಹೆಸರಿನಲ್ಲಿ ಸಹಕಾರಿ ಎಂದಿದ್ದ ಮಾತ್ರಕ್ಕೆ ಬ್ಯಾಂಕ್ ಎಂದು ತಿಳಿಯಬಾರದು. ನಮ್ಮ ಸಮುದಾಯದ ಸಂಸ್ಥೆಗಳ ಮೇಲೆ ಪ್ರೀತಿ ಇರಲಿ, ಅವುಗಳ ವಾರ್ಷಿಕ ವರದಿಯನ್ನು ಓದುವ, ಮಹಾಸಭೆಗೆ ಹೋಗಿ ಪ್ರಶ್ನೆ ಕೇಳುವ ಅಭ್ಯಾಸವೂ ಇರಲಿ.

ಅತಿಯಾಸೆಯ ಯೋಜನೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2025ರ ಜನವರಿಯಲ್ಲಿ ದಾದರಿನಲ್ಲಿ ಟೊರೆಸ್ ಎಂಬ ಮಳಿಗೆಯ ಮುಂದೆ ಹಣ ಹೂಡಿದವರು ನೆರೆದು ಗೋಳಿಟ್ಟದ್ದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿ ವಾರವಾರವೂ ಲಾಭಾಂಶದ ಭರವಸೆ ಕೊಡಲಾಗಿತ್ತು. ಬ್ಯಾಂಕು ವರ್ಷಕ್ಕೆ ಕೊಡುವಷ್ಟನ್ನು ಯಾರಾದರೂ ತಿಂಗಳಿಗೋ ವಾರಕ್ಕೋ ಕೊಡುತ್ತೇವೆಂದರೆ ಅಲ್ಲಿಂದ ಎದ್ದು ಬನ್ನಿ, ಹೇಳಿದವರು ಸ್ವಂತ ಸಂಬಂಧಿಕರಾಗಿದ್ದರೂ ಸರಿ.

ಶೇರುಪೇಟೆಯ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ತರುಣರನ್ನು ಹೆಚ್ಚು ಸೆಳೆಯುತ್ತಿದೆ. ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವ ಸತ್ಯ ಕಠೋರವಾಗಿದೆ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕಿಳಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಈ ವ್ಯವಹಾರ ಮಾಡುವವರಲ್ಲಿ ಮೂವತ್ತರೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ 43ಕ್ಕೆ ಏರಿತು. ದಲಾಲ್ ಸ್ಟ್ರೀಟ್ ಇರುವ ಊರಿನ ಮಕ್ಕಳಾದ ನಾವು ಈ ಅಂಕಿಗಳನ್ನು ಬೇರೆಲ್ಲರಿಗಿಂತ ಮೊದಲು ಅರಿಯಬೇಕು.

ಹಾಗಾದರೆ ಬೆಳೆಸುವುದು ಹೇಗೆ? ಇಲ್ಲಿ ತರುಣರ ದೊಡ್ಡ ಆಸ್ತಿ ಕಾಲ. ತಿಂಗಳಿಗೆ 5,000 ರೂಪಾಯಿಯನ್ನು ವರ್ಷಕ್ಕೆ ಶೇ 8ರ ಗಳಿಕೆಯಲ್ಲಿ ಮೂವತ್ತು ವರ್ಷ ಕಟ್ಟಿದರೆ ಅದು ಸುಮಾರು 74.5 ಲಕ್ಷವಾಗುತ್ತದೆ. ಹತ್ತು ವರ್ಷ ತಡವಾಗಿ ಆರಂಭಿಸಿ ಇಪ್ಪತ್ತು ವರ್ಷ ಕಟ್ಟಿದರೆ ಆಗುವುದು ಸುಮಾರು 29.5 ಲಕ್ಷ. ಕೈಯಿಂದ ಹಾಕಿದ ಹಣದ ವ್ಯತ್ಯಾಸ ಆರು ಲಕ್ಷ, ಫಲದ ವ್ಯತ್ಯಾಸ 45 ಲಕ್ಷ. ಹಣದುಬ್ಬರದಿಂದ ಆ ಲಕ್ಷಗಳ ಬೆಲೆ ಇಂದಿನಷ್ಟು ಇರುವುದಿಲ್ಲ, ನಿಜ. ಆದರೂ ಮೊದಲ ಹತ್ತು ವರ್ಷಗಳ ಮಹತ್ವ ಈ ಲೆಕ್ಕದಿಂದ ತಿಳಿಯುತ್ತದೆ. 1968ರಿಂದ ಇರುವ ಪಿಪಿಎಫ್, ಅಂದರೆ ಸಾರ್ವಜನಿಕ ಭವಿಷ್ಯ ನಿಧಿ, ಹದಿನೈದು ವರ್ಷದ ಯೋಜನೆ. ವರ್ಷಕ್ಕೆ 500ರಿಂದ 1.5 ಲಕ್ಷದವರೆಗೆ ಕಟ್ಟಬಹುದು, ಅಂಚೆ ಕಚೇರಿಯಲ್ಲೂ ತೆರೆಯಬಹುದು. ಐದೇಳು ವರ್ಷ ಮುಟ್ಟದೆ ಇರಬಲ್ಲ ಹಣವಿದ್ದವರು ಸೂಚ್ಯಂಕ ಆಧಾರಿತ ಮ್ಯೂಚುವಲ್ ಫಂಡಿನಲ್ಲಿ ತಿಂಗಳ ಕಂತಿನಲ್ಲಿ ಹೂಡಬಹುದು. 2013ರಿಂದ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ಗಳು ಲಭ್ಯವಿವೆ. ಪೇಟೆ ಇಳಿದಾಗ ಮೌಲ್ಯವೂ ಇಳಿಯುತ್ತದೆ ಎಂಬುದನ್ನು ಅರಿತೇ ಇಳಿಯಬೇಕು.

ವಿಮೆಯನ್ನು ಹೂಡಿಕೆಯೊಡನೆ ಬೆರೆಸಬೇಡಿ. ತೆರಿಗೆ ಉಳಿಸಲೆಂದು ಮಾರ್ಚ್ ತಿಂಗಳಲ್ಲಿ ಅವಸರದಿಂದ ಪಾಲಿಸಿ ಕೊಳ್ಳುವ ಹಳೆಯ ರೂಢಿಗೆ ಈಗ ಅರ್ಥ ಕಡಿಮೆ. 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12.75 ಲಕ್ಷದವರೆಗಿನ ವೇತನಕ್ಕೆ ತೆರಿಗೆಯೇ ಇಲ್ಲ. ನಿಮ್ಮ ದುಡಿಮೆಯನ್ನು ನಂಬಿದವರಿದ್ದರೆ ಟರ್ಮ್ ವಿಮೆ ಸಾಕು. ಆಫೀಸಿನ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟೊಡನೆ ಹೋಗುವುದರಿಂದ ಸ್ವಂತದ್ದೊಂದು ಇರಲಿ. ಹೋಟೆಲು, ಅಂಗಡಿಗಳಲ್ಲಿ ದುಡಿಯುವವರಿಗೂ ಎಟುಕುವ ಎರಡು ಸರ್ಕಾರಿ ವಿಮಾ ಯೋಜನೆಗಳಿವೆ. ಜೀವನಜ್ಯೋತಿ ಎಂಬ ಜೀವವಿಮೆಗೆ ವರ್ಷಕ್ಕೆ 436 ರೂಪಾಯಿ, ಅಪಘಾತಕ್ಕಿರುವ ಸುರಕ್ಷಾ ವಿಮೆಗೆ 20 ರೂಪಾಯಿ. ಎರಡರಲ್ಲೂ ಎರಡು ಲಕ್ಷದ ರಕ್ಷಣೆ ಇದೆ. ಲೋಕಲ್ ರೈಲಿನಲ್ಲಿ ನಿತ್ಯ ಓಡಾಡುವವರ ಊರಿನಲ್ಲಿ ಈ 20 ರೂಪಾಯಿಯನ್ನು ಯಾರೂ ಬಿಡಬಾರದು. ಬ್ಯಾಂಕು, ಪಿಎಫ್, ಫಂಡು, ಎಲ್ಲದಕ್ಕೂ ನಾಮಿನಿಯ ಹೆಸರು ಕೊಡಿ, ಕಾಗದಪತ್ರ ಎಲ್ಲಿವೆ ಎಂದು ಮನೆಯವರಿಗೆ ತಿಳಿಸಿ.

ಮಹನೀಯರೇ, ನನ್ನ ಮಾತನ್ನು ಮುಗಿಸುವ ಮುನ್ನ ಈ ಸಭೆಯ ಹಿರಿಯರಲ್ಲಿ ಒಂದು ಬೇಡಿಕೆ ಇಡುತ್ತೇನೆ. ಮುಂಬಯಿಯ ನಮ್ಮ ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ. ತಿಂಗಳಿಗೊಂದು ಭಾನುವಾರ, ಎರಡು ಗಂಟೆ, ಅವರು ಸಂಘದ ಕೋಣೆಯಲ್ಲಿ ಕುಳಿತರೆ ಸಾಕು. ಹೊಸದಾಗಿ ಕೆಲಸಕ್ಕೆ ಸೇರಿದವರು ಪಗಾರದ ಚೀಟಿ, ಬಾಡಿಗೆ ಕರಾರು, ಪಾಲಿಸಿಯ ಪತ್ರ ಹಿಡಿದು ಬಂದು ಕನ್ನಡದಲ್ಲೇ ಕೇಳಿ ತಿಳಿಯಲಿ. ಅಲ್ಲಿ ಯಾವ ಪಾಲಿಸಿಯನ್ನೂ ಮಾರಬಾರದು, ಕಮಿಷನ್ನಿನ ಸೋಂಕು ಇರಬಾರದು. ರಾತ್ರಿ ಶಾಲೆಗಳು ಒಂದು ತಲೆಮಾರಿಗೆ ಅಕ್ಷರ ಕಲಿಸಿದವು. ಮುಂದಿನ ತಲೆಮಾರಿಗೆ ಹಣದ ಲೆಕ್ಕ ಕಲಿಸುವ ಹೊಣೆ ಈಗಿನ ಸಂಘಗಳದು.

ತರುಣ ಮಿತ್ರರಲ್ಲಿ ಕೇಳಿಕೊಳ್ಳುವುದೂ ಒಂದಿದೆ. ಇಂದು ಕೇಳಿದ್ದರಲ್ಲಿ ಎಲ್ಲವನ್ನೂ ನೆನಪಿಡಬೇಕಾಗಿಲ್ಲ. ಮುಂದಿನ ಪಗಾರಕ್ಕೆ ಮೊದಲು ಒಂದು ಕೆಲಸ ಮಾಡಿ: ಐನೂರಾಗಲಿ ಐದು ಸಾವಿರವಾಗಲಿ, ಪಗಾರದ ಮರುದಿನ ತಾನಾಗಿ ಬೇರೆ ಖಾತೆಗೆ ಹೋಗುವ ಸೂಚನೆಯನ್ನು ಬ್ಯಾಂಕಿಗೆ ಕೊಡಿ. ಪಗಾರ ಹೆಚ್ಚಾದ ಪ್ರತಿ ಸಲ ಆ ಮೊತ್ತವನ್ನೂ ಹೆಚ್ಚಿಸಿ. ಕೈಯಲ್ಲಿ ಸ್ವಂತದ ಕೆಲವು ತಿಂಗಳ ಖರ್ಚು ಇರುವವರಿಗೆ ಅವಮಾನದ ಕೆಲಸವನ್ನು ಬಿಡುವ ಧೈರ್ಯ ಬರುತ್ತದೆ, ಹೊಸದನ್ನು ಕಲಿಯಲು ಬಿಡುವು ಸಿಗುತ್ತದೆ, ಕಷ್ಟದಲ್ಲಿರುವ ಇನ್ನೊಬ್ಬರಿಗೆ ನೆರವಾಗುವ ಶಕ್ತಿ ಇರುತ್ತದೆ. ಆ ಸ್ವಾತಂತ್ರ್ಯ ನಿಮ್ಮೆಲ್ಲರಿಗೂ ಬೇಗ ದೊರೆಯಲಿ ಎಂದು ಹಾರೈಸುತ್ತೇನೆ.